ಹಿತ್ತಲಿನ ಈಜುಕೊಳ: ಕಾಂಕ್ರೀಟ್ ಸುರಿಯುವ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ನಮ್ಮ ಎರಡಂತಸ್ತಿನ ಮನೆಯ ಕೆಲಸ ಮುಗಿಯುತ್ತ ಬಂದಿದೆ. ಮನೆಯ ಹಿಂದೆ, ಉತ್ತರ ದಿಕ್ಕಿನಲ್ಲಿ, ಮನೆಯ ಗೋಡೆಯಿಂದ ಕಾಂಪೌಂಡಿನವರೆಗೆ 40 ಅಡಿ, ಪೂರ್ವ-ಪಶ್ಚಿಮವಾಗಿ 50 ಅಡಿ ಜಾಗವಿದೆ. ಅಲ್ಲಿ ಈಜುಕೊಳ ಕಟ್ಟಿಸಬೇಕೆಂದಿದ್ದೇವೆ. ಗುತ್ತಿಗೆದಾರರು ಮನೆಯಿಂದ 6 ಅಡಿ ಬಿಟ್ಟು, ಈಶಾನ್ಯದ ಕಡೆಗೆ, 30 ಅಡಿ ಉದ್ದ, 15 ಅಡಿ ಅಗಲದ ಕೊಳದ ನಕ್ಷೆ ಕೊಟ್ಟಿದ್ದಾರೆ. ಒಂದು ತುದಿಯಲ್ಲಿ ಮೂರೂವರೆ ಅಡಿ, ಇನ್ನೊಂದು ತುದಿಯಲ್ಲಿ 7 ಅಡಿ ಆಳ. ನಾಲ್ಕೂ ಕಡೆ ಓವರ್‌ಫ್ಲೋ. ಒಳಗೆ ಕಪ್ಪು ಟೈಲ್ಸ್. ಮನೆಯಲ್ಲಿ 5 ಮತ್ತು 9 ವರ್ಷದ ಇಬ್ಬರು ಮಕ್ಕಳಿದ್ದಾರೆ, 72 ವರ್ಷದ ನಮ್ಮ ತಾಯಿ ಇದ್ದಾರೆ. ನನಗೆ ಬೆಳಿಗ್ಗೆ ಈಜುವ ಅಭ್ಯಾಸವಿದೆ. ಬೋರ್‌ವೆಲ್ ನೀರನ್ನೇ ಬಳಸಬೇಕು. ಈಗಾಗಲೇ ಕಟ್ಟಿಸಿದವರು ಸಾಮಾನ್ಯವಾಗಿ ಯಾವ ವಿಷಯಕ್ಕೆ ಪಶ್ಚಾತ್ತಾಪ ಪಡುತ್ತಾರೆ, ನಾವು ಅದನ್ನು ಹೇಗೆ ತಪ್ಪಿಸಿಕೊಳ್ಳಬಹುದು?

ಉತ್ತರ: ಮಣ್ಣು ತೆಗೆಯುವ ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಈಜುಕೊಳದಲ್ಲಿ ಎರಡು ಬಗೆಯ ತೀರ್ಮಾನಗಳಿರುತ್ತವೆ. ಪಂಪು, ಫಿಲ್ಟರ್, ದೀಪ, ಅಂಚಿನ ಕಲ್ಲು ಇವೆಲ್ಲ ಹಿಡಿಸದಿದ್ದರೆ ಐದಾರು ವರ್ಷದ ಮೇಲೆ ಬದಲಾಯಿಸಬಹುದು. ಆದರೆ ಕೊಳದ ಜಾಗ, ಅದರ ಅಳತೆ, ಆಳ, ಮೆಟ್ಟಿಲು ಮತ್ತು ಗೋಡೆಯೊಳಗೆ ಹೂತುಹೋಗುವ ಪೈಪುಗಳನ್ನು ಬದಲಾಯಿಸಬೇಕಾದರೆ ಕೊಳವನ್ನೇ ಒಡೆಯಬೇಕಾಗುತ್ತದೆ. ಕಟ್ಟಿಸಿದವರು ವರ್ಷಗಳ ನಂತರ ಹಳಹಳಿಸುವುದು ಬಹುಪಾಲು ಈ ಎರಡನೆಯ ಗುಂಪಿನ ತೀರ್ಮಾನಗಳ ಬಗ್ಗೆಯೇ. ಗುತ್ತಿಗೆದಾರರ ಜೊತೆಗಿನ ಮಾತುಕತೆಯಲ್ಲಿ ಮಾತ್ರ ಹೆಚ್ಚಿನ ಸಮಯ ಟೈಲ್ಸ್‌ನ ಬಣ್ಣಕ್ಕೂ ದೀಪದ ಬಣ್ಣಕ್ಕೂ ಖರ್ಚಾಗುತ್ತದೆ. ಆದ್ದರಿಂದ ನಿಮ್ಮ ನಕ್ಷೆಯನ್ನು ಮೊದಲು ಆ ಬದಲಾಯಿಸಲಾಗದ ಸಂಗತಿಗಳ ದೃಷ್ಟಿಯಿಂದ ನೋಡುತ್ತೇನೆ.

ಆಳದಿಂದಲೇ ಆರಂಭಿಸೋಣ, ಏಕೆಂದರೆ ನಕ್ಷೆಯಲ್ಲಿ ನನಗೆ ಅತ್ಯಂತ ಆತಂಕ ತಂದದ್ದು ಅದೇ. ಮನೆಯ ಈಜುಕೊಳದಲ್ಲಿ ಜನ ಹೆಚ್ಚಿನ ಹೊತ್ತು ನಿಂತಿರುತ್ತಾರೆ, ಮಾತನಾಡುತ್ತಾರೆ, ಮಕ್ಕಳ ಜೊತೆ ಆಡುತ್ತಾರೆ. ಈಜುವ ಹೊತ್ತು ಅದರಲ್ಲೊಂದು ಸಣ್ಣ ಭಾಗ. ಏಳು ಅಡಿ ನೀರಿನಲ್ಲಿ ನಿಮ್ಮ ಮನೆಯ ಯಾರೊಬ್ಬರೂ ನಿಲ್ಲಲಾರರು. ಐದು ವರ್ಷದ ಮಗುವಿನ ಎತ್ತರ ಸುಮಾರು ಮೂರೂವರೆ ಅಡಿ. ಅಂದರೆ ಗುತ್ತಿಗೆದಾರರು ಮಕ್ಕಳಿಗೆಂದು ಇಟ್ಟಿರುವ ಕಡಿಮೆ ಆಳದ ತುದಿಯಲ್ಲಿಯೂ ನಿಮ್ಮ ಚಿಕ್ಕ ಮಗುವಿನ ಮೂಗು ನೀರಿನೊಳಗಿರುತ್ತದೆ. ‘ಆಳವಿದ್ದರೆ ಧುಮುಕಬಹುದು’ ಎಂಬ ಮಾತು ಈ ಸಂದರ್ಭದಲ್ಲಿ ಬರುತ್ತದೆ. ದಯವಿಟ್ಟು ಆ ವಿಚಾರವನ್ನೇ ಬಿಟ್ಟುಬಿಡಿ. ತಲೆ ಮುಂದಾಗಿ ಧುಮುಕುವುದಕ್ಕೆ ಬೇಕಾದ ಆಳ ಮತ್ತು ಆ ಆಳ ಮುಂದುವರಿಯಬೇಕಾದ ಉದ್ದ ಎರಡೂ ಈ ಅಳತೆಯ ಕೊಳದಲ್ಲಿ ಸಿಗುವುದಿಲ್ಲ, ಮತ್ತು ಇಳಿಜಾರಾಗಿ ಮೇಲೇರುವ ತಳಕ್ಕೆ ತಲೆ ತಾಗಿ ಕತ್ತಿನ ಮೂಳೆ ಮುರಿದರೆ ಅದರ ಫಲ ಜೀವನವಿಡೀ ಉಳಿಯುತ್ತದೆ. ಒಂದು ತುದಿಯಲ್ಲಿ 3 ಅಡಿ, ಇನ್ನೊಂದು ತುದಿಯಲ್ಲಿ ನಾಲ್ಕೂವರೆ ಅಡಿ ನಿಮ್ಮ ಕುಟುಂಬಕ್ಕೆ ಸಾಕು. ಮಕ್ಕಳು ಬೆಳೆದು ದೊಡ್ಡವರಾದ ಮೇಲೂ ಸಾಕು. ಈಜುವವರ ಕೈ ತಳಕ್ಕೆ ತಾಗದಿರಲು ಮೂರು ಅಡಿಯೇ ಧಾರಾಳ.

ಅಳತೆಯ ವಿಷಯದಲ್ಲಿ 24 ಅಡಿ ಉದ್ದ, 11 ಅಡಿ ಅಗಲಕ್ಕೆ ಇಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಇದರಿಂದ ಕಳೆದುಕೊಳ್ಳುವುದೆಷ್ಟು, ಉಳಿಯುವುದೆಷ್ಟು ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಗುತ್ತಿಗೆದಾರರ ಕೊಳದ ಸರಾಸರಿ ಆಳ ಐದೂಕಾಲು ಅಡಿ. ಅದು ಹಿಡಿಯುವ ನೀರು ಸುಮಾರು 67 ಸಾವಿರ ಲೀಟರ್. ನಾನು ಹೇಳಿದ ಅಳತೆಯಲ್ಲಿ ಸರಾಸರಿ ಆಳ ಮೂರು ಮುಕ್ಕಾಲು ಅಡಿ, ನೀರು ಸುಮಾರು 28 ಸಾವಿರ ಲೀಟರ್. ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ 6 ಸಾವಿರ ಲೀಟರ್ ಟ್ಯಾಂಕರ್ ತರಿಸಬೇಕಾಗಿ ಬಂದರೆ, ಮೊದಲನೆಯದಕ್ಕೆ 11 ಟ್ಯಾಂಕರ್ ಸುರಿದರೂ ಪೂರ್ತಿ ತುಂಬುವುದಿಲ್ಲ, ಎರಡನೆಯದಕ್ಕೆ ಐದು ಟ್ಯಾಂಕರ್ ಸಾಕು. ಪಂಪಿನ ಗಾತ್ರ, ಫಿಲ್ಟರಿನ ಗಾತ್ರ, ಕ್ಲೋರಿನ್ ಮತ್ತು ಆಸಿಡ್ ಖರ್ಚು, ಕರೆಂಟಿನ ಬಿಲ್ಲು ಇವೆಲ್ಲ ನೀರಿನ ಪ್ರಮಾಣವನ್ನೇ ಅನುಸರಿಸಿ ಹೋಗುತ್ತವೆ, ಮತ್ತು ಈ ಖರ್ಚು ಕೊಳದಲ್ಲಿ ಯಾರೂ ಇಳಿಯದ ತಿಂಗಳುಗಳಲ್ಲಿಯೂ ತಪ್ಪುವುದಿಲ್ಲ. ಬೆಳಗಿನ ಈಜಿಗೆ 24 ಅಡಿ ಸಾಲದು ಎಂದು ನಿಮಗೆ ಅನಿಸಬಹುದು. 30 ಅಡಿಯಾದರೂ ಏಳೆಂಟು ಬಾರಿ ಕೈ ಬೀಸುವಷ್ಟರಲ್ಲಿ ಗೋಡೆ ಬಂದುಬಿಡುತ್ತದೆ. ಸ್ಪರ್ಧೆಯ ಕೊಳದ ಕನಿಷ್ಠ ಉದ್ದವೇ 25 ಮೀಟರ್, ಅಂದರೆ 82 ಅಡಿ. ಹಿತ್ತಲಿನಲ್ಲಿ ನಿಜವಾದ ವ್ಯಾಯಾಮ ಬೇಕೆಂದರೆ ಸೊಂಟಕ್ಕೆ ಹಿಗ್ಗುವ ಹಗ್ಗ ಕಟ್ಟಿಕೊಂಡು ನಿಂತಲ್ಲೇ ಈಜುವ ವಿಧಾನವಿದೆ; ಅದಕ್ಕೆ ಗಟ್ಟಿಯಾದ ಒಂದು ಕೊಕ್ಕೆಯನ್ನು ಅಂಚಿನ ಕಾಂಕ್ರೀಟಿನಲ್ಲಿ ಈಗಲೇ ಕೂರಿಸಿಬಿಟ್ಟರೆ ಆಯಿತು.

ಇನ್ನು ಜಾಗ. ಈಶಾನ್ಯದಲ್ಲಿ ನೀರಿರಬೇಕೆಂಬ ನಂಬಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಪಾಲಿಸುತ್ತಲೇ ಕೊಳಕ್ಕೆ ಬಿಸಿಲು ಸಿಗುವಂತೆ ಮಾಡಬಹುದು. ಆದರೆ ನಕ್ಷೆಯಲ್ಲಿ ತೋರಿಸಿರುವ ಜಾಗದಲ್ಲಿ ಅದು ಸಿಗುವುದಿಲ್ಲ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ವಾರ ನಡುಹಗಲಲ್ಲಿ ಸೂರ್ಯ ದಕ್ಷಿಣ ದಿಕ್ಕಿನಲ್ಲಿ ದಿಗಂತದಿಂದ 54 ಡಿಗ್ರಿಯಷ್ಟು ಮಾತ್ರ ಮೇಲಿರುತ್ತಾನೆ. ಪ್ಯಾರಾಪೆಟ್ ಸೇರಿ 24 ಅಡಿ ಎತ್ತರದ ಮನೆಯ ನೆರಳು ಆಗ ಉತ್ತರಕ್ಕೆ ಸುಮಾರು 17 ಅಡಿ ಚಾಚುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅದೇ ನೆರಳು ಉತ್ತರಕ್ಕೆ 23 ಅಡಿಯವರೆಗೆ ಬೆಳೆದು, ಜೊತೆಗೆ ಪೂರ್ವಕ್ಕೂ ವಾಲಿ, ನೇರವಾಗಿ ಈಶಾನ್ಯ ಮೂಲೆಯತ್ತ ಬೀಳುತ್ತದೆ. ಮನೆಯಿಂದ 6 ಅಡಿ ದೂರದಲ್ಲಿ ಶುರುವಾಗಿ 21 ಅಡಿಗೆ ಮುಗಿಯುವ ಕೊಳ, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಪೂರ್ತಿ ನೆರಳಿನಲ್ಲಿರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಆ ನೀರಿಗೆ ಬಿಸಿಲಿನ ಕಾವು ಸರಿಯಾಗಿ ತಾಗುವುದೇ ಇಲ್ಲ. ಮೈಸೂರಿನ ಚಳಿಗಾಲದ ರಾತ್ರಿ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಹಗಲು ಕಾಯದ ನೀರಿಗೆ ಮರುದಿನ ಬೆಳಿಗ್ಗೆ ಆರು ಗಂಟೆಗೆ ಇಳಿಯಲು ನಿಮ್ಮಂಥ ಅಭ್ಯಾಸವಿದ್ದವರೂ ಹಿಂಜರಿಯುತ್ತಾರೆ. ವರ್ಷದ ಮೂರು ನಾಲ್ಕು ತಿಂಗಳು ಬಳಕೆಯಾಗದೆ ಬಿದ್ದಿರುವ ಕೊಳಗಳಲ್ಲಿ ನಾನು ಕಂಡ ಸಾಮಾನ್ಯ ಕಾರಣ ಇದೇ.

ಪರಿಹಾರ ಸರಳವಾಗಿದೆ. ಕೊಳವನ್ನು ಪೂರ್ವ-ಪಶ್ಚಿಮವಾಗಿ ಉದ್ದ ಮಾಡಿ, ಅದರ ದಕ್ಷಿಣದ ಅಂಚು ಮನೆಯಿಂದ 23 ಅಡಿ ದೂರದಲ್ಲಿರುವಂತೆ ಇಡಿ. 11 ಅಡಿ ಅಗಲದ ಕೊಳ 34ನೇ ಅಡಿಗೆ ಮುಗಿಯುತ್ತದೆ, ಕಾಂಪೌಂಡಿಗೆ ಇನ್ನೂ 6 ಅಡಿ ಉಳಿಯುತ್ತದೆ. ಪೂರ್ವದ ಕಡೆಗೆ ಸರಿಸಿಟ್ಟರೆ ಈಶಾನ್ಯವೂ ಆಯಿತು. 15 ಅಡಿ ಅಗಲದ ಕೊಳಕ್ಕೆ ಇದು ಸಾಧ್ಯವಾಗುತ್ತಿರಲಿಲ್ಲ. ಮನೆಗೂ ಕೊಳಕ್ಕೂ ನಡುವೆ ಉಳಿಯುವ ಜಾಗ ಬೇಲಿಗೆ ಬೇಕಾಗುತ್ತದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಜಾಗವನ್ನು ಕಾಗದದ ಮೇಲೆ ಒಪ್ಪಿಕೊಳ್ಳಬೇಡಿ. ನಾಲ್ಕು ಗೂಟ ಹೊಡೆದು, ಸುತ್ತ ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ಕೊಳದ ಆಕಾರ ಎಳೆದು, ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನೋಡಿ: ನೆರಳು ಎಲ್ಲಿ ಬೀಳುತ್ತದೆ, ಅಡುಗೆಮನೆಯ ಕಿಟಕಿಯಿಂದ ಕೊಳದ ಯಾವ ಭಾಗ ಕಾಣುತ್ತದೆ, ಪಕ್ಕದ ಮನೆಯ ಮಹಡಿಯಿಂದ ಏನೇನು ಕಾಣುತ್ತದೆ ಎಂಬುದೆಲ್ಲ ಆಗ ತಿಳಿಯುತ್ತದೆ.

ಮರಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಂಚಿನ ಪಕ್ಕದಲ್ಲಿ ತೆಂಗು ಬೇಡ. ಗರಿಯೂ ಕಾಯಿಯೂ ಜನರಿರುವ ಜಾಗಕ್ಕೇ ಬೀಳುತ್ತವೆ. ಅತ್ತಿ, ಅರಳಿ, ಆಲದ ಜಾತಿಯ ಗಿಡ ಹತ್ತಿರದಲ್ಲೆಲ್ಲೂ ಬೇಡ. ಅವುಗಳ ಬೇರು ನೀರನ್ನು ಹುಡುಕಿಕೊಂಡು ಬರುತ್ತದೆ. ಗುಲ್‌ಮೊಹರ್ ಮತ್ತು ಹುಣಸೆಯ ಸಣ್ಣ ಎಲೆಗಳು ಬಲೆಯ ಕೋಲಿಗೂ ಸಿಗದೆ ಪಂಪಿನ ಬುಟ್ಟಿಯನ್ನು ತುಂಬುತ್ತವೆ.

ನಿಮ್ಮ ಮಣ್ಣಿನ ಬಗ್ಗೆ ನೀವು ಏನನ್ನೂ ಬರೆದಿಲ್ಲ. ಗಟ್ಟಿಯಾದ ಕೆಂಪು ಮಣ್ಣಾದರೆ ಅಷ್ಟು ಚಿಂತೆಯಿಲ್ಲ. ಆದರೆ ಮೈಸೂರಿನ ಸುತ್ತಮುತ್ತ ಗದ್ದೆ ಬಯಲು, ಕೆರೆಯ ಹಿನ್ನೀರಿನ ಅಂಚು, ನಾಲೆಯ ಪಕ್ಕದ ಜಮೀನುಗಳಲ್ಲಿ ಎದ್ದ ಬಡಾವಣೆಗಳು ಎಷ್ಟೋ ಇವೆ. ಅಲ್ಲಿ ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲಕ್ಕೆ ಏರುತ್ತದೆ. ಮಣ್ಣು ತುಂಬಿಸಿ ಎತ್ತರಿಸಿದ ನಿವೇಶನವಾದರೆ ಕುಸಿಯುವ ಭಯ ಬೇರೆ. ಕೊಳ ಬರುವ ಜಾಗದಲ್ಲಿ 8 ಅಡಿ ಆಳದ ಒಂದು ಪರೀಕ್ಷಾ ಗುಂಡಿ ತೆಗೆಸಿ, ಒಳ್ಳೆಯ ಮಳೆಯಾದ ವಾರ ಅದರಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ನೋಡಿ. ಗುಂಡಿ ತೆಗೆದು ಬಿಟ್ಟಿರುವಷ್ಟು ದಿನವೂ ಅದರ ಮೇಲೆ ಹಲಗೆ ಮುಚ್ಚಿರಬೇಕು, ಸುತ್ತ ಅಡ್ಡ ಕಟ್ಟಿರಬೇಕು. ಇದು ಯಾಕೆ ಮುಖ್ಯವೆಂದರೆ, ಖಾಲಿ ಮಾಡಿದ ಈಜುಕೊಳ ಅಂತರ್ಜಲದ ನಡುವೆ ಹರಿಗೋಲಿನಂತೆ ವರ್ತಿಸುತ್ತದೆ. 8 ಅಂಗುಲ ದಪ್ಪದ ಕಾಂಕ್ರೀಟ್ ತಳದ ತೂಕ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ. ಹೊರಗಿನ ನೀರು ತಳಕ್ಕಿಂತ 3 ಅಡಿ ಮೇಲೆ ನಿಂತರೆ ಅದು ಅದೇ ಒಂದು ಚದರ ಮೀಟರನ್ನು 900 ಕಿಲೋ ಬಲದಿಂದ ಮೇಲಕ್ಕೆ ಒತ್ತುತ್ತದೆ. ಗೋಡೆಗಳ ತೂಕ ಸ್ವಲ್ಪ ನೆರವಿಗೆ ಬಂದರೂ ಲೆಕ್ಕ ಸರಿಹೋಗುವುದಿಲ್ಲ. ಮಳೆಗಾಲದ ಮಧ್ಯದಲ್ಲಿ ತೊಳೆಯಲೆಂದು ಖಾಲಿ ಮಾಡಿದ ಕೊಳವೊಂದರ ಒಂದು ತುದಿ ಗೇಣುದ್ದ ಮೇಲೆದ್ದು, ಪೈಪುಗಳೆಲ್ಲ ಕಿತ್ತುಹೋಗಿ, ಅಂಚಿನ ಕಲ್ಲುಗಳು ಬಾಯಿಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಮತ್ತೆ ಕೂರಿಸಲಾಗಲಿಲ್ಲ. ಗುಂಡಿಯಲ್ಲಿ ನೀರು ಕಂಡರೆ ತಳದ ಕೆಳಗೆ ಜಲ್ಲಿಯ ಪದರ, ಅದರ ನೀರು ಹೊರಹೋಗುವ ದಾರಿ, ಮತ್ತು ಹೊರಗಿನ ಒತ್ತಡ ಹೆಚ್ಚಾದಾಗ ತಾನಾಗಿ ತೆರೆದುಕೊಂಡು ನೀರನ್ನು ಒಳಕ್ಕೆ ಬಿಟ್ಟು ಒತ್ತಡ ಇಳಿಸುವ ಕವಾಟ, ಈ ಮೂರೂ ನಕ್ಷೆಯಲ್ಲಿರಬೇಕು. ಗುಂಡಿ ಒಣಗಿದ್ದರೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಳವನ್ನು ಪೂರ್ತಿ ಖಾಲಿ ಮಾಡಬಾರದು.

ಓವರ್‌ಫ್ಲೋ ಮಾದರಿಯಲ್ಲಿ ನೀರು ಅಂಚಿನವರೆಗೆ ತುಂಬಿ ಸುತ್ತಲಿನ ಕಾಲುವೆಗೆ ಇಳಿಯುತ್ತದೆ. ನೋಡಲು ಬಹಳ ಚೆನ್ನಾಗಿರುತ್ತದೆ, ಹೋಟೆಲುಗಳಲ್ಲಿ ಅದು ಸರಿಯೂ ಹೌದು, ಏಕೆಂದರೆ ಅಲ್ಲಿ ಅದನ್ನು ನೋಡಿಕೊಳ್ಳಲೆಂದೇ ಒಬ್ಬರಿರುತ್ತಾರೆ. ಮನೆಯಲ್ಲಿ ಅದರ ಜೊತೆಗೆ ಬರುವುದು ಹಾಗೆ ಇಳಿದ ನೀರು ಸೇರಲು ನೆಲದೊಳಗೆ ಇನ್ನೊಂದು ತೊಟ್ಟಿ (ಬ್ಯಾಲೆನ್ಸಿಂಗ್ ಟ್ಯಾಂಕ್), ಕೊಳದ ಸುತ್ತಳತೆಯಷ್ಟು ಉದ್ದದ ಕಾಲುವೆ, ಅದರ ಮೇಲಿನ ಜಾಲರಿ, ಆ ಜಾಲರಿಯಡಿ ಸೇರುವ ಎಲೆ ಮತ್ತು ಪಾಚಿ. ನಾಲ್ಕು ಅಂಚುಗಳೂ ಒಂದೇ ಮಟ್ಟದಲ್ಲಿರಬೇಕು. ಒಂದು ಕಡೆ ನಾಲ್ಕೈದು ಮಿಲಿಮೀಟರ್ ತಗ್ಗಾದರೂ ನೀರೆಲ್ಲ ಅಲ್ಲೇ ಇಳಿಯುತ್ತದೆ, ಉಳಿದ ಕಡೆ ಮೇಲ್ಮೈಯ ಕೊಳೆ ನಿಂತೇ ಇರುತ್ತದೆ. ನಿಮ್ಮ ಅಳತೆಯ ಕೊಳಕ್ಕೆ ಗೋಡೆಯಲ್ಲಿ ಕೂತು ಮೇಲ್ಮೈಯ ನೀರನ್ನೂ ತೇಲುವ ಕಸವನ್ನೂ ಎಳೆದುಕೊಳ್ಳುವ ಒಂದು ಸ್ಕಿಮ್ಮರ್ ಸಾಕು. ಬೇಸಿಗೆಯ ಕೊನೆ ಮತ್ತು ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ತೇಲುವ ಕಸ ಪೂರ್ವದ ತುದಿಗೆ ಸೇರುತ್ತದೆ. ಸ್ಕಿಮ್ಮರ್ ಅಲ್ಲೇ ಇರಲಿ, ನೀರು ಒಳಬರುವ ಬಾಯಿಗಳು ಪಶ್ಚಿಮದಲ್ಲಿರಲಿ. ಇಷ್ಟು ಮಾಡಿದರೆ ಅರ್ಧ ಸ್ವಚ್ಛತೆಯನ್ನು ಗಾಳಿಯೇ ಮಾಡಿಕೊಡುತ್ತದೆ.

ಈಗ ಬೇಲಿಯ ವಿಷಯ. ಐದು ವರ್ಷದ ಮಗುವಿರುವ ಮನೆಯಲ್ಲಿ ಬೇಲಿಯಿಲ್ಲದ ಕೊಳಕ್ಕೆ ನಾನು ಒಪ್ಪುವುದಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈಬೀಸಿ ಕರೆಯುವುದಿಲ್ಲ. ದೊಡ್ಡವರು ಬಾಗಿಲಿಗೆ ಬಂದ ಕೊರಿಯರ್ ತೆಗೆದುಕೊಳ್ಳಲು ಹೋದ ಹೊತ್ತಿನಲ್ಲಿ, ಸದ್ದಿಲ್ಲದೆ ಎಲ್ಲ ಮುಗಿದುಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಮನೆಯ ಈಜುಕೊಳಕ್ಕೆ ಬೇಲಿ ಕಾನೂನಿನ ಕಡ್ಡಾಯ. ಅಲ್ಲಿಯ ನಿಯಮದ ಅಳತೆಗಳನ್ನು ನೀವು ಹಾಗೆಯೇ ತೆಗೆದುಕೊಳ್ಳಬಹುದು: ಎತ್ತರ ಕನಿಷ್ಠ 1.2 ಮೀಟರ್, ಸರಳುಗಳ ನಡುವಿನ ಸಂದು 10 ಸೆಂಟಿಮೀಟರಿಗಿಂತ ಕಡಿಮೆ, ಹೊರಕ್ಕೆ ತೆರೆದು ತಾನಾಗಿ ಮುಚ್ಚಿಕೊಂಡು ತಾನಾಗಿ ಚಿಲಕ ಬೀಳುವ ಗೇಟು, ಆ ಚಿಲಕ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ. ಬೇಲಿ ನಾಲ್ಕೂ ಕಡೆ ಇರಬೇಕು. ಮೂರು ಕಡೆ ಕಾಂಪೌಂಡು, ನಾಲ್ಕನೆಯ ಕಡೆ ಮನೆಯ ಹಿಂಬಾಗಿಲು ಎಂಬ ವ್ಯವಸ್ಥೆ ಮನೆಯ ಮಗುವನ್ನು ತಡೆಯುವುದಿಲ್ಲ, ಪಕ್ಕದ ಮನೆಯ ಮಗುವನ್ನು ಮಾತ್ರ ತಡೆಯುತ್ತದೆ. ಬೇಲಿಯ ಪಕ್ಕ ಹೂಕುಂಡ, ಕುರ್ಚಿ, ಏಸಿಯ ಹೊರಘಟಕ ಯಾವುದೂ ಇರಬಾರದು. ಮಕ್ಕಳು ಅದರ ಮೇಲೆ ಹತ್ತಿಯೇ ಹತ್ತುತ್ತಾರೆ. ಆಟದ ಸಾಮಾನನ್ನು ನೀರಿನಲ್ಲಿ ತೇಲಲು ಬಿಟ್ಟು ಬರಬೇಡಿ, ಅದೇ ಮಗುವನ್ನು ಕರೆಯುತ್ತದೆ.

ಕಪ್ಪು ಟೈಲ್ಸ್ ಬೇಡವೆನ್ನಲು ಮೊದಲ ಕಾರಣವೂ ಇದೇ. ತಳದಲ್ಲಿ ಮಗು ಬಿದ್ದಿದ್ದರೆ ದಡದಿಂದ ಒಂದೇ ನೋಟಕ್ಕೆ ಕಾಣಬೇಕು. ತಿಳಿನೀಲಿ, ತಿಳಿಹಸಿರು ಅಥವಾ ಬಿಳಿಯ ತಳದಲ್ಲಿ ಕಾಣುತ್ತದೆ, ಕಪ್ಪಿನಲ್ಲಿ ಕಾಣುವುದಿಲ್ಲ. ಎರಡನೆಯ ಕಾರಣ ನಿಮ್ಮ ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣ ನೀರಿನ ಮಟ್ಟದ ಗೆರೆಯುದ್ದಕ್ಕೂ ಬೆಳ್ಳಗೆ ಕಟ್ಟಿಕೊಂಡಾಗ ಅದು ಕಪ್ಪಿನ ಮೇಲೆ ಎದ್ದು ಕಾಣುತ್ತದೆ.

ಪಂಪು ನೀರೆಳೆಯುವ ತಳದ ಬಾಯಿಯ ಅಪಾಯ ನಮ್ಮಲ್ಲಿ ಬಹಳ ಜನರಿಗೆ ತಿಳಿದೇ ಇಲ್ಲ. ಪಂಪು ನೀರನ್ನು ಒಂದೇ ಬಾಯಿಯಿಂದ ಎಳೆಯುತ್ತಿದ್ದು, ಆ ಬಾಯಿಯನ್ನು ಒಬ್ಬರ ದೇಹವೋ ಕೂದಲೋ ಮುಚ್ಚಿದರೆ ಬಿಡಿಸಿಕೊಳ್ಳುವುದು ವಯಸ್ಕರಿಗೂ ಕಷ್ಟ. ಅಮೆರಿಕದಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲಕಿ, ಅಲ್ಲಿಯ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಮೊಮ್ಮಗಳು, ಬಿಸಿನೀರಿನ ತೊಟ್ಟಿಯ ತಳದ ಬಾಯಿಗೆ ಸಿಕ್ಕಿಕೊಂಡು ತೀರಿಕೊಂಡಳು. ತಾಯಿ ಎಷ್ಟು ಎಳೆದರೂ ಬಿಡಿಸಲಾಗಲಿಲ್ಲ. ಆಕೆಯ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಕಾನೂನು ಬಂತು. ನಿಮ್ಮ ಕೊಳದಲ್ಲಿ ತಳದ ಬಾಯಿಗಳು ಎರಡಿರಲಿ, ಅವುಗಳ ನಡುವೆ ಕನಿಷ್ಠ 3 ಅಡಿ ಅಂತರವಿರಲಿ, ಎರಡೂ ಒಂದೇ ಪೈಪಿಗೆ ಸೇರಲಿ, ಎರಡರ ಮೇಲೂ ಉಬ್ಬಿದ ಆಕಾರದ ಸುರಕ್ಷತಾ ಜಾಲರಿ ಗಟ್ಟಿಯಾಗಿ ಕೂತಿರಲಿ. ಒಂದು ಮುಚ್ಚಿದರೆ ನೀರು ಇನ್ನೊಂದರಿಂದ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ. ಜಾಲರಿ ಮುರಿದ ದಿನ ಕೊಳಕ್ಕೆ ಯಾರೂ ಇಳಿಯಬಾರದು. ಇದು ಕಾಂಕ್ರೀಟ್ ಹಾಕುವ ಮೊದಲೇ ಆಗಬೇಕಾದ ಕೆಲಸ, ಮತ್ತು ತಗಲುವ ಖರ್ಚು ತೀರಾ ಅಲ್ಪ.

ತಾಯಿಯವರ ವಿಷಯ ನಕ್ಷೆಯಲ್ಲಿ ಎಲ್ಲೂ ಬಂದಿಲ್ಲ. ಸ್ಟೀಲ್ ಏಣಿ ಮಾತ್ರ ತೋರಿಸಿದ್ದರೆ ಅವರು ನೀರಿಗೆ ಇಳಿಯುವುದೇ ಇಲ್ಲ ಎಂದು ತಿಳಿಯಿರಿ. ಮಂಡಿನೋವಿರುವ ಹಿರಿಯರಿಗೆ ನೀರಿನೊಳಗಿನ ನಡಿಗೆಯಷ್ಟು ಹಿತವಾದ ವ್ಯಾಯಾಮ ಕಡಿಮೆ. ನೀರು ದೇಹದ ಭಾರವನ್ನು ಹೊತ್ತುಕೊಳ್ಳುತ್ತದೆ. ಆಳ ಕಡಿಮೆಯಿರುವ ಪಶ್ಚಿಮದ ತುದಿಯ ಮೂಲೆಯಲ್ಲಿ 4 ಅಡಿ ಅಗಲದ ಕಾಂಕ್ರೀಟ್ ಮೆಟ್ಟಿಲು ಮಾಡಿಸಿ. ಒಂದೊಂದು ಮೆಟ್ಟಿಲ ಎತ್ತರ 6ರಿಂದ 7 ಅಂಗುಲ, ಕಾಲಿಡುವ ಜಾಗ 12 ಅಂಗುಲ, ಎಲ್ಲ ಮೆಟ್ಟಿಲುಗಳೂ ಸಮ. ನೀರಿನೊಳಗೆ ಕಣ್ಣಳತೆ ತಪ್ಪುವುದರಿಂದ ಪ್ರತಿ ಮೆಟ್ಟಿಲ ಅಂಚಿಗೂ ಬೇರೆ ಬಣ್ಣದ ಪಟ್ಟಿ, ಮೇಲಿನಿಂದ ತಳದವರೆಗೆ ಹಿಡಿದುಕೊಳ್ಳಲು ಒಂದು ಕಂಬಿ. ಅದರ ಪಕ್ಕದಲ್ಲೇ, ನೀರಿನಿಂದ ಒಂದೂವರೆ ಅಡಿ ಕೆಳಗೆ ಕೂರುವ ಕಟ್ಟೆ ಮಾಡಿಸಿ. ಅವರು ಅಲ್ಲಿ ಕೂತೇ ಮೊಮ್ಮಕ್ಕಳನ್ನು ನೋಡಿಕೊಳ್ಳಬಹುದು. ಮೆಟ್ಟಿಲೂ ಕಟ್ಟೆಯೂ ದಕ್ಷಿಣದ ಗೋಡೆಯ ಕಡೆಯೇ ಇರಲಿ. ಉತ್ತರದ ಗೋಡೆಯ ಪಕ್ಕ 5-6 ಅಡಿ ಅಗಲದ ದಾರಿ ಪೂರ್ತಿ 24 ಅಡಿಯೂ ತೆರೆದೇ ಉಳಿಯಬೇಕು. ನಿಮ್ಮ ಬೆಳಗಿನ ಈಜಿಗೆ ಅದೇ ಜಾಗ.

ಕಾಂಕ್ರೀಟ್ ಕೆಲಸಕ್ಕೆ ಮನೆಯ ಅಡಿಪಾಯ ಹಾಕಿದ ಮೇಸ್ತ್ರಿಯ ಅನುಭವವೊಂದೇ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಮಾಡಿಕೊಟ್ಟ ನಕ್ಷೆ ಬೇಕು. ನೀರು ಹಿಡಿದಿಡುವ ಕಾಂಕ್ರೀಟ್ ಕಟ್ಟಡಗಳಿಗೆಂದೇ ಐಎಸ್ 3370 ಎಂಬ ಭಾರತೀಯ ಮಾನಕವಿದೆ. ಅದರ ಪ್ರಕಾರ ಸರಳು ಹಾಕಿದ ಕಾಂಕ್ರೀಟು ಕನಿಷ್ಠ ಎಂ30 ದರ್ಜೆಯದ್ದಾಗಿರಬೇಕು. ಬಾಂಡ್ಲಿಯಲ್ಲಿ ಅಳೆದು ಸ್ಥಳದಲ್ಲೇ ಕಲಸುವ ಕಾಂಕ್ರೀಟಿನಲ್ಲಿ ಆ ದರ್ಜೆ ಪ್ರತಿ ಸಲವೂ ಬರುತ್ತದೆಂದು ನಂಬಲಾಗದು, ರೆಡಿಮಿಕ್ಸ್ ತರಿಸಿ. ಕಾಂಪೌಂಡಿನಿಂದ 6 ಅಡಿ ಅಂತರದಲ್ಲಿ ಅಗೆಯುವಾಗ ಕಾಂಪೌಂಡಿನ ಪಾಯ ಸಡಿಲವಾಗದಂತೆ ಮಣ್ಣಿಗೆ ಆಸರೆ ಬೇಕೇ ಎಂಬುದನ್ನು ಅದೇ ಎಂಜಿನಿಯರ್ ಹೇಳಬೇಕು. ಸ್ಥಳೀಯ ಸಂಸ್ಥೆಯಲ್ಲಿ ಮಂಜೂರಾದ ಮನೆಯ ನಕ್ಷೆಯಲ್ಲಿ ಕೊಳ ಇಲ್ಲದಿದ್ದರೆ ಅದನ್ನು ಸೇರಿಸಿಕೊಳ್ಳಲು ಈಗಲೇ ವಿಚಾರಿಸಿ.

ಸೋರಿಕೆ ಸಾಮಾನ್ಯವಾಗಿ ಗೋಡೆಯ ನಡುವಿನಿಂದ ಬರುವುದಿಲ್ಲ; ಪೈಪು ಗೋಡೆಯನ್ನು ದಾಟುವಲ್ಲಿ ಬರುತ್ತದೆ. ಪಿವಿಸಿ ಪೈಪಿನ ನುಣುಪಾದ ಮೈಗೆ ಸಿಮೆಂಟು ಹಿಡಿದುಕೊಳ್ಳುವುದಿಲ್ಲ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಗೋಡೆ ಕೊರೆದು, ಪೈಪು ತೂರಿಸಿ, ಸುತ್ತ ಗಾರೆ ಮೆತ್ತಿದರೆ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ನೀರಿಗೆ ಅಷ್ಟು ಸಾಕು. ಟೈಲ್ಸ್ ಅಂಟಿಸಿದ ಮೇಲೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ವರ್ಷದ ನಂತರ ದೀಪದ ಗೂಡಿನ ಕೆಳಗೆ ಗೋಡೆ ಬೆವರಿದಂತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸ್ಕಿಮ್ಮರ್, ದೀಪದ ಗೂಡು, ತಳದ ಬಾಯಿ, ನೀರು ಒಳಬರುವ ಬಾಯಿ ಎಲ್ಲವೂ ಸರಳು ಕಟ್ಟುವಾಗಲೇ, ಮೈಸುತ್ತ ಬಳೆಯಂಥ ಪಟ್ಟಿಯಿರುವ ಪಡಲ್ ಫ್ಲ್ಯಾಂಜ್ ಸಮೇತ, ಅವುಗಳ ಜಾಗದಲ್ಲಿ ಕೂತಿರಬೇಕು. ಕಾಂಕ್ರೀಟ್ ಹಾಕುವ ಹಿಂದಿನ ದಿನ ನೀವೇ ಹೋಗಿ, ಒಂದೊಂದನ್ನೂ ಎಣಿಸಿ, ಟೇಪು ಹಿಡಿದು ಅಳೆದು, ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಯಾವ ಪೈಪು ಎಲ್ಲಿದೆಯೆಂದು ಹೇಳುವುದು ಆ ಫೋಟೋಗಳೇ.

ನೀರಿನ ಬಗ್ಗೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ ದಂಡ ಗೊತ್ತುಪಡಿಸಿದ್ದು ನಿಮಗೆ ನೆನಪಿರಬಹುದು. ಅಂಥ ವರ್ಷ ಮತ್ತೆ ಬರುವುದಿಲ್ಲ ಎನ್ನುವಂತಿಲ್ಲ, ಆದ್ದರಿಂದ ಮಳೆನೀರನ್ನು ಯೋಜನೆಯ ಭಾಗವಾಗಿಯೇ ನೋಡಿ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. 1,500 ಚದರ ಅಡಿ ತಾರಸಿಯಿಂದ, ಸೋರಿಹೋಗುವುದನ್ನು ಕಳೆದರೂ, 85ರಿಂದ 90 ಸಾವಿರ ಲೀಟರ್ ಸಿಗುತ್ತದೆ. ಮಳೆನೀರು ಮೆದು ನೀರು. ಬೋರ್‌ವೆಲ್‌ನ ಗಡಸು ನೀರಿಗೆ ಅದು ಬೆರೆತರೆ ಸುಣ್ಣ ಕಟ್ಟುವುದೂ ಕಡಿಮೆಯಾಗುತ್ತದೆ. ಬರೀ ಮಳೆನೀರೇ ತುಂಬಿದರೆ ಮಾತ್ರ ಅದು ಟೈಲ್ಸ್ ಸಂದಿನ ಸಿಮೆಂಟಿನಿಂದ ಸುಣ್ಣವನ್ನು ಎಳೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಗಡಸುತನ ಲೀಟರಿಗೆ 200ರಿಂದ 400 ಮಿಲಿಗ್ರಾಂ ನಡುವೆ ಇರುವಂತೆ ಎರಡನ್ನೂ ಬೆರೆಸುವುದು ಸರಿ. ಸಂದುಗಳಿಗೆ ಸಿಮೆಂಟಿನ ಬದಲು ಎಪಾಕ್ಸಿ ಗ್ರೌಟ್ (ರಾಳದಿಂದ ಮಾಡಿದ ಸಂದು ತುಂಬುವ ಅಂಟು) ಹಾಕಿಸಿದರೆ ಈ ಚಿಂತೆ ಬಹುಪಾಲು ತಪ್ಪುತ್ತದೆ. ಕಡುಬೇಸಿಗೆಯಲ್ಲಿ ದಿನಕ್ಕೆ 6-7 ಮಿಲಿಮೀಟರ್ ನೀರು ಆವಿಯಾಗುತ್ತದೆ, ಅಂದರೆ ನಿಮ್ಮ ಕೊಳದಿಂದ 150ರಿಂದ 170 ಲೀಟರ್. ರಾತ್ರಿ ಹೊದಿಕೆ ಹಾಸಿದರೆ ಆವಿಯಾಗುವುದೂ ಕಡಿಮೆ, ಹಗಲಿನ ಕಾವೂ ಉಳಿಯುತ್ತದೆ. ಹೊದಿಕೆ ಸುತ್ತಿಡುವ ಉರುಳೆಗೆ ಪಶ್ಚಿಮದ ತುದಿಯಲ್ಲಿ 3 ಅಡಿ ಜಾಗ ಈಗಲೇ ಬಿಡಿ; ಜಾಗವಿಲ್ಲದ ಮನೆಗಳಲ್ಲಿ ಹೊದಿಕೆ ತಂದ ತಿಂಗಳಲ್ಲೇ ಮೂಲೆ ಸೇರುತ್ತದೆ. ಹೊದಿಕೆಯನ್ನು ಮಾತ್ರ ಬೇಲಿಗೆ ಬದಲಿ ಎಂದು ಯಾರೂ ತಿಳಿಯಬಾರದು.

ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7.2ರಿಂದ 7.6ರ ನಡುವೆ, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇದ್ದರೆ ನೀರು ಆರೋಗ್ಯವಾಗಿರುತ್ತದೆ. ಮೂಗಿಗೆ ಬಡಿಯುವ ವಾಸನೆಯೂ ಕಣ್ಣುರಿಯೂ ಕ್ಲೋರಿನ್ ಹೆಚ್ಚಾದುದರ ಗುರುತಲ್ಲ. ಬೆವರು ಮತ್ತು ಮೂತ್ರದೊಡನೆ ಸೇರಿ ಕ್ಲೋರಿನ್ ಕೆಟ್ಟಿದೆ ಎಂದರ್ಥ. ಕೊಳದ ಪಕ್ಕ ಒಂದು ಷವರ್, ಹತ್ತಿರದಲ್ಲೇ ಒಂದು ಶೌಚಾಲಯ ಇರಬೇಕೆನ್ನುವುದು ಅದಕ್ಕಾಗಿ. ಎರಡು ಬೇರೆ ಬಗೆಯ ಕ್ಲೋರಿನ್ ಪುಡಿಗಳನ್ನು ಒಂದೇ ಡಬ್ಬದಲ್ಲಿ, ಒಂದೇ ಅಳತೆಯ ಚಮಚದಲ್ಲಿ ಎಂದೂ ಬಳಸಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಆಸಿಡ್ಡನ್ನು ಪಂಪಿನ ಕೋಣೆಯಲ್ಲಿಟ್ಟರೆ ಅದರ ಹೊಗೆಗೆ ಸ್ವಿಚ್ ಬೋರ್ಡು ತುಕ್ಕು ಹಿಡಿಯುತ್ತದೆ, ಅದಕ್ಕೆ ಗಾಳಿಯಾಡುವ ಬೇರೆ ಕಪಾಟು, ಬೀಗ ಸಮೇತ ಬೇಕು.

ಪಂಪು ಆರು ಗಂಟೆಯಲ್ಲಿ ಕೊಳದ ನೀರನ್ನೆಲ್ಲ ಒಮ್ಮೆ ಫಿಲ್ಟರಿಗೆ ಕಳುಹಿಸಬೇಕು. ಮುಕ್ಕಾಲು ಎಚ್‌ಪಿ ಪಂಪು ದಿನಕ್ಕೆ ಆರು ಗಂಟೆ ಓಡಿದರೆ ತಿಂಗಳಿಗೆ ಸುಮಾರು 135 ಯೂನಿಟ್ ಖರ್ಚಾಗುತ್ತದೆ. ತಾರಸಿಯ ಮೇಲೆ ಸೋಲಾರ್ ಹಾಕಿಸುವ ಯೋಚನೆಯಿದ್ದರೆ ಇದನ್ನೂ ಲೆಕ್ಕಕ್ಕೆ ಸೇರಿಸಿ. ಪಂಪಿನ ಕೋಣೆ ಮಲಗುವ ಕೋಣೆಯ ಕಿಟಕಿಯ ಕೆಳಗೆ ಬೇಡ, ಮಳೆನೀರು ನುಗ್ಗುವ ತಗ್ಗಿನಲ್ಲೂ ಬೇಡ. ದೀಪಗಳು 12 ವೋಲ್ಟಿನವೇ ಆಗಿರಲಿ, ಕೊಳದ ಇಡೀ ವಿದ್ಯುತ್ ಮಾರ್ಗಕ್ಕೆ ಕರೆಂಟು ಸೋರಿದೊಡನೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಇರಲಿ, ಏಣಿ, ಕಂಬಿ, ಸರಳು ಎಲ್ಲ ಲೋಹದ ಭಾಗಗಳನ್ನೂ ಒಂದಕ್ಕೊಂದು ಜೋಡಿಸಿ ಅರ್ಥಿಂಗ್ ಕೊಡಿಸಿ. ಸುತ್ತಲಿನ ನೆಲಕ್ಕೆ ಸಾದರಹಳ್ಳಿ ಕಲ್ಲಿನಂಥ ತಿಳಿಬೂದು ಗ್ರಾನೈಟನ್ನು, ಪಾಲಿಶ್ ಮಾಡದೆ ಒರಟಾಗಿಯೇ ಹಾಕಿಸಿ. ಕಪ್ಪು ಕಲ್ಲಿನ ಮೇಲೆ ಏಪ್ರಿಲ್ ಮಧ್ಯಾಹ್ನ ಬರಿಗಾಲಿಡಲಾಗದು. ನೆಲದ ಇಳಿಜಾರು ಕೊಳದಿಂದ ಹೊರಕ್ಕಿರಲಿ, ಇಲ್ಲದಿದ್ದರೆ ಮೊದಲ ಮಳೆಗೆ ತೋಟದ ಕೆಮ್ಮಣ್ಣೆಲ್ಲ ನೀರಿಗೆ ಇಳಿಯುತ್ತದೆ.

ಕೊನೆಯದಾಗಿ ಕರಾರು. ಪರೀಕ್ಷಾ ಗುಂಡಿಯನ್ನು ಈ ಮಳೆಗಾಲದಲ್ಲೇ ನೋಡಿಕೊಂಡು, ಮಣ್ಣು ತೆಗೆಯುವ ಕೆಲಸವನ್ನು ಅಕ್ಟೋಬರ್ ಮಳೆ ಮುಗಿದ ಮೇಲೆ ಆರಂಭಿಸಿ. ಮನೆಯ ಪಕ್ಕದ ಓಣಿಯಿಂದ ಜೆಸಿಬಿ ಹಿಂದಕ್ಕೆ ಹೋಗಲಾಗದಿದ್ದರೆ ಕಾಂಪೌಂಡಿನ ಒಂದು ಭಾಗವನ್ನು ಅಲ್ಲಿಯವರೆಗೆ ಕಟ್ಟದೆ ಬಿಡಿ. ಹಣ ಕೊಡುವ ಹಂತಗಳಲ್ಲಿ ಒಂದು ದೊಡ್ಡ ಕಂತನ್ನು ನೀರಿನ ಪರೀಕ್ಷೆಗೆ ಕಟ್ಟಿಹಾಕಿ, ಮತ್ತು ಆ ಪರೀಕ್ಷೆ ಟೈಲ್ಸ್ ಹಾಕುವ ಮೊದಲೇ ಆಗಬೇಕೆಂದು ಬರೆಸಿಕೊಳ್ಳಿ. ಕಾಂಕ್ರೀಟ್ ಕೊಳಕ್ಕೆ ಪೂರ್ತಿ ನೀರು ತುಂಬಿಸಿ, ಕಾಂಕ್ರೀಟು ಕುಡಿಯುವಷ್ಟು ಕುಡಿಯಲೆಂದು ಒಂದು ವಾರ ಬಿಡಿ. ನಂತರ ಒಂದು ಬಕೆಟ್ಟಿಗೆ ಅದೇ ನೀರು ತುಂಬಿ ಮೆಟ್ಟಿಲ ಮೇಲೆ ಇಟ್ಟು, ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೂ ಕೊಳದ ನೀರಿನ ಮಟ್ಟಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪಂಪು ನಿಲ್ಲಿಸಿ, 24 ಗಂಟೆಯ ನಂತರ ಎರಡನ್ನೂ ಅಳೆಯಿರಿ. ಮಳೆ ಬಂದ ದಿನ ಬಿಟ್ಟು ಹೀಗೆ ಏಳು ದಿನ ಮಾಡಿ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಬರೀ ಆವಿ. ಕೊಳದ ನೀರು ಬಕೆಟ್ಟಿಗಿಂತ ಹೆಚ್ಚು ಇಳಿಯುತ್ತಿದ್ದರೆ ಸೋರಿಕೆ ಇದೆ. ಅದು ಸಿಕ್ಕಿ, ದುರಸ್ತಿಯಾಗಿ, ಪರೀಕ್ಷೆ ಮತ್ತೊಮ್ಮೆ ಮುಗಿಯುವವರೆಗೆ ಟೈಲ್ಸ್ ಕೆಲಸಕ್ಕೆ ಒಪ್ಪಿಗೆಯನ್ನೂ ಆ ಕಂತನ್ನೂ ಕೊಡಬೇಡಿ.